ಶನಿವಾರದ ಬಾಳೆಹಣ್ಣು: ಸಿಂಗಾಪುರದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಸಿಂಗಾಪುರದಲ್ಲಿರುವ ಎಲ್ಲ ಕನ್ನಡ ಬಂಧುಗಳಿಗೆ, ಅದರಲ್ಲೂ ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡಿರುವವರಿಗೆ,

ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಅಮ್ಮ ಮೊದಲ ಸಲ ಇಲ್ಲಿಗೆ ಬಂದಿದ್ದರು. ಬಂದ ವಾರವೇ ಒಂದು ಶನಿವಾರ ಬೆಳಿಗ್ಗೆ ಅವರನ್ನು ಜಲಾಶಯದ ದಂಡೆಗೆ ವಾಕಿಂಗ್ ಕರೆದುಕೊಂಡು ಹೋದೆ. ಮರದ ಹಲಗೆಯ ದಾರಿ, ಪಕ್ಕದಲ್ಲೇ ನೀರು, ತಂಪು ಗಾಳಿ. ಅಮ್ಮನಿಗೆ ಖುಷಿಯೋ ಖುಷಿ. ಕಟಾಂಜನದ ಮೇಲೆ ಒಂದು ತಾಯಿ ಮಂಗ ಕೂತಿತ್ತು, ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಬ್ಯಾಗಿನಿಂದ ಬಾಳೆಹಣ್ಣು ತೆಗೆದರು. ವೆಟ್ ಮಾರ್ಕೆಟ್‌ನಲ್ಲಿ ಸಿಗುವ ಪಿಸಾಂಗ್ ಮಾಸ್, ನೋಡೋಕೆ ನಮ್ಮ ಏಲಕ್ಕಿ ಬಾಳೆಯ ಹಾಗೇ ಇರುತ್ತಲ್ಲ, ಅದು. "ಶನಿವಾರ ಕಣೋ, ಸಾಕ್ಷಾತ್ ಆಂಜನೇಯ ಬಂದು ಕೂತಿದ್ದಾನೆ" ಅಂದರು.

ನಾನೇನು ಮಾಡಿದೆ? ಫೋಟೋ ತೆಗೆದೆ.

ಹತ್ತು ನಿಮಿಷ ಆಗಿರಲಿಲ್ಲ. ನಮ್ಮ ಹಿಂದೆ ಬರುತ್ತಿದ್ದ ಒಂದು ಪುಟ್ಟ ಹುಡುಗಿಯ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿಗೆ ಇನ್ನೊಂದು ಮಂಗ ಜಿಗಿಯಿತು. ಹುಡುಗಿ ಬಿದ್ದಳು, ಮಂಡಿ ತರಚಿತು. ಅವಳ ತಾತ ಬಂದು ನನ್ನ ಹತ್ತಿರ ಮೆಲ್ಲಗೆ ಒಂದು ಮಾತು ಹೇಳಿದರು. ಬೈಯಲಿಲ್ಲ. "ಕೊಡಬೇಡಿ ಲಾ. ನೀವು ಮನೆಗೆ ಹೋಗ್ತೀರಿ. ಆಮೇಲೆ ಬೋನು ತರೋದು ಇವಕ್ಕೇ."

ಅಲ್ಲೇ ಹಿಂದೆ ಫಲಕ ಇತ್ತು. ಇಂಗ್ಲಿಷು ಅಮ್ಮನಿಗೆ ಬಾರದು. ಈ ದೇಶದ ಅಧಿಕೃತ ಭಾಷೆಗಳು ನಾಲ್ಕು: ಇಂಗ್ಲಿಷ್, ಚೈನೀಸ್, ಮಲಯ್, ತಮಿಳು. ಅಮ್ಮನಿಗೆ ಬರುವ ಒಂದೇ ಭಾಷೆ ಆ ಪಟ್ಟಿಯಲ್ಲಿಲ್ಲ. ಓದಲು ಬರುತ್ತಿದ್ದ ನಾನು ಓದಿ ಹೇಳಬೇಕಿತ್ತು, ಹೇಳಲಿಲ್ಲ. ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅದಕ್ಕೇ. ನಿಮ್ಮ ಮನೆಯ ಹಿರಿಯರ ಮುಂದೆ ಒಮ್ಮೆ ಗಟ್ಟಿಯಾಗಿ ಓದಿಬಿಡಿ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. 2020ರ ಜೂನ್ 1ರಿಂದ ಇಲ್ಲಿ ಹೊಸ ವನ್ಯಜೀವಿ ಕಾಯ್ದೆ ಜಾರಿಯಲ್ಲಿದೆ. ಕಾಡುಪ್ರಾಣಿಗೆ, ಹಕ್ಕಿಗೆ ತಿನ್ನಲು ಕೊಟ್ಟರೆ ಮೊದಲ ಸಲ 5,000 ಡಾಲರ್‌ವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 10,000ದವರೆಗೆ. ಪಾರಿವಾಳಕ್ಕೆ ಅಕ್ಕಿ ಚೆಲ್ಲಿದರೂ ತಪ್ಪೇ. ಇಷ್ಟು ಹೇಳಿದರೆ ನಮ್ಮಲ್ಲಿ ಅರ್ಧ ಜನ ಸುಮ್ಮನಾಗುತ್ತಾರೆ ಅಂತ ಗೊತ್ತು. ಆದರೆ ದಂಡಕ್ಕೆ ಹೆದರಿ ಕೈ ಕಟ್ಟಿಕೊಂಡರೆ, ಯಾರೂ ನೋಡದಿದ್ದಾಗ ಮತ್ತೆ ಕೈ ಚಾಚುತ್ತೇವೆ. ಹಾಗಾಗಿ ಆ ತಾತ ಹೇಳಿದ ಮಾತಿನ ಅರ್ಥ ಬಿಡಿಸಿ ಹೇಳಬೇಕು.

ಇಲ್ಲಿನ ಮಂಗ ನಮ್ಮೂರಿನದಲ್ಲ. ನಂದಿಬೆಟ್ಟದಲ್ಲೋ ಚಾಮುಂಡಿಬೆಟ್ಟದಲ್ಲೋ ಹಣ್ಣುಕಾಯಿ ಚೀಲ ಕಿತ್ತುಕೊಂಡು ಓಡುವ, ತಲೆಗೆ ಕ್ರಾಪು ತೆಗೆದಂತೆ ಕಾಣುವ ನಮ್ಮ ಕೋತಿಯ ದಾಯಾದಿ ಇದು. ಬಾಲ ತುಂಬ ಉದ್ದ. ಚೆನ್ನಾಗಿ ಈಜುತ್ತದೆ. ಮ್ಯಾಂಗ್ರೋವ್ ಕೆಸರಿನಲ್ಲಿ ಏಡಿ ಹಿಡಿದು ತಿನ್ನುವುದೂ ಉಂಟು. ಕಾಡಿನಲ್ಲಿ ಅತ್ತಿ, ಆಲದ ಜಾತಿಯ ಹಣ್ಣುಗಳನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಬೇರೆ ಕಡೆ ಹೋಗಿ ಬೀಜ ಉಗುಳುತ್ತದೆ. ಹಾಗೆ ಉಗುಳಿದ ಕಡೆ ಮರ ಹುಟ್ಟುತ್ತದೆ. ಅದಕ್ಕೆ ಹಸಿವಾದರೆ ಕಾಡೇ ಊಟ ಹಾಕುತ್ತದೆ, ನಮ್ಮ ಬಾಳೆಹಣ್ಣಿನ ಅಗತ್ಯ ಇಲ್ಲ.

ಒಂದು ಸಲ ಕೈಯಿಂದ ಹಣ್ಣು ಸಿಕ್ಕಿತು ಅಂದುಕೊಳ್ಳಿ. ಮನುಷ್ಯನ ಕೈ ಅಂದರೆ ಊಟ ಅಂತ ಅದು ಕಲಿಯುತ್ತದೆ. ಮಂಗ ದಡ್ಡ ಅಲ್ಲ, ಎರಡನೇ ಪಾಠ ಬೇಕಾಗುವುದಿಲ್ಲ. ಆಮೇಲೆ ಕೈ ಚಾಚದವರ ಕವರಿಗೂ ಹಾರುತ್ತದೆ. ಕಾಡಿನ ಅಂಚಿನ ರಸ್ತೆಗೆ ಬಂದು ಕಾಯುತ್ತದೆ, ಕಾರಿಗೆ ಸಿಗುತ್ತದೆ. ಪಕ್ಕದ ಕಾಂಡೋದ (ಖಾಸಗಿ ಅಪಾರ್ಟ್‌ಮೆಂಟಿನ) ಅಡುಗೆಮನೆ ಕಿಟಕಿ ತೆರೆದಿದ್ದರೆ ಒಳಗೇ ಬರುತ್ತದೆ. ಆ ಮನೆಯವರು ಫೋನ್ ತೆಗೆದು ದೂರು ಕೊಡುತ್ತಾರೆ. 2013ರಲ್ಲಿ ಮಂಗಗಳ ಬಗ್ಗೆ ಬಂದ ದೂರು ಸುಮಾರು 1,860. ಆ ವರ್ಷ ಬೋನಿನಲ್ಲಿ ಹಿಡಿದು ಕೊಂದ ಮಂಗಗಳು 570. ಇಡೀ ದ್ವೀಪದಲ್ಲಿ ಇದ್ದದ್ದೇ ಎರಡು ಸಾವಿರದೊಳಗೆ.

ಈಗ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ, ನಿಜ. ರಾಷ್ಟ್ರೀಯ ಉದ್ಯಾನ ಮಂಡಳಿ, ಅಂದರೆ ನಾವೆಲ್ಲ ಎನ್‌ಪಾರ್ಕ್ಸ್ ಅನ್ನುತ್ತೇವಲ್ಲ ಅವರು, ಸಂತಾನಹರಣ ಮಾಡಿಸುತ್ತಾರೆ. ಮನೆಗಳ ಕಡೆ ಬಂದ ಗುಂಪನ್ನು ಕಾಡಿನ ಕಡೆ ಅಟ್ಟುವ ಕೆಲಸವೂ ನಡೆದಿದೆ. ಆದರೆ ಬೋನು ಇನ್ನೂ ಮಾಯವಾಗಿಲ್ಲ. ಅಮ್ಮ ಕೈ ಮುಗಿದ ಆ ತಾಯಿ ಮಂಗ ಏನಾಯಿತೋ.

ಇಲ್ಲೇ ನನ್ನ ಮುಖ್ಯ ಮಾತಿದೆ. ನಮ್ಮಲ್ಲಿ ಎರಡು ಬಗೆಯ ಜನ. ಒಬ್ಬರು ಪ್ರಾಣಿ ಕಂಡರೆ ಕೈ ಮುಗಿದು ಹಣ್ಣು ಕೊಡುವವರು. ಇನ್ನೊಬ್ಬರು ಪ್ರಾಣಿ ಕಂಡರೆ ಕಿಟಕಿ ಹಾಕಿ ದೂರು ಕೊಡುವವರು. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ! ಒಬ್ಬರಿಗೆ ಭಕ್ತಿ, ಇನ್ನೊಬ್ಬರಿಗೆ ಭಯ. ಆದರೆ ಬೋನು ಬರಬೇಕಾದರೆ ಇಬ್ಬರೂ ಬೇಕು. ಹಣ್ಣು ಕೊಟ್ಟವರು ಪ್ರಾಣಿಯನ್ನು ಬಾಗಿಲಿಗೆ ಕರೆಸುತ್ತಾರೆ, ಫೋನ್ ಮಾಡಿದವರು ಅಲ್ಲಿಂದ ಎತ್ತಿಸುತ್ತಾರೆ.

ಬರೀ ದೂರಿಗೆ ಎಷ್ಟು ಬಲ ಇದೆ ಅಂತ ನೋಡಬೇಕಾದರೆ ಸಿನ್ ಮಿಂಗ್ ಅವೆನ್ಯೂ ಕೋಳಿಗಳ ಕಥೆ ಕೇಳಿ. 2017ರ ಶುರುವಿನಲ್ಲಿ ಅಲ್ಲಿನ ವಸತಿ ಬ್ಲಾಕುಗಳ ಸುತ್ತ ಸುಮ್ನೆ ಓಡಾಡಿಕೊಂಡಿದ್ದ 24 ಕೋಳಿಗಳನ್ನು ಕೊಲ್ಲಲಾಯಿತು. ದೂರು ಬಂದದ್ದು ಇಪ್ಪತ್ತು. ಹೆಚ್ಚಿನ ದೂರು ಶಬ್ದದ ಬಗ್ಗೆ. ಕೋಳಿ ಬೆಳಿಗ್ಗೆ ಕೂಗುತ್ತದೆ ಅಂತ! ಹಕ್ಕಿಜ್ವರದ ಮಾತೂ ಆಮೇಲೆ ಬಂತು, ಅದನ್ನು ತಳ್ಳಿಹಾಕುವುದಿಲ್ಲ. ಅವು ಶುದ್ಧ ಕಾಡುಕೋಳಿಗಳೋ ಬೆರಕೆಯೋ ಅನ್ನುವ ಚರ್ಚೆಯೂ ನಡೆಯಿತು. ಈ ದ್ವೀಪದಲ್ಲಿ ಇಂದಿಗೂ ಇರುವ ಕೆಂಪು ಕಾಡುಕೋಳಿ ನಮ್ಮ ನಾಟಿಕೋಳಿಯ ಮುತ್ತಜ್ಜಿ ಅನ್ನುವುದು ನಿಮಗೆ ಗೊತ್ತಿರಲಿ. ಪಕ್ಕದ ಪುಟ್ಟ ಉಬಿನ್ ದ್ವೀಪಕ್ಕೆ ಹೋದರೆ ಕಾಣಸಿಗುತ್ತದೆ. ಬಿಳಿ ಕಿವಿ, ಬೂದು ಕಾಲು, ಮೈ ಮೇಲೆ ರೇಷ್ಮೆ ಸೀರೆಯ ಮಿಂಚು.

ಶಬ್ದ ಅಂದಾಗ ಕೋಗಿಲೆ ನೆನಪಾಗುತ್ತದೆ. ನಮ್ಮ ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ ಕಳೆದ ವರ್ಷ ಒಬ್ಬರು ಬರೆದಿದ್ದರು, ಬೆಳಿಗ್ಗೆ ಐದಕ್ಕೇ ಯಾವುದೋ ಹಕ್ಕಿ ಕಿರುಚುತ್ತೆ, ಯಾರಿಗೆ ಹೇಳಬೇಕು ಅಂತ. ನಾನು ಕಿವಿಗೊಟ್ಟು ಕೇಳಿದೆ. ಕೋಗಿಲೆ! ನಾವು ಯುಗಾದಿಗೆ ಮಾವಿನ ಚಿಗುರಿನ ಜತೆ ನೆನೆಯುವ ಅದೇ ಕೋಗಿಲೆ. ಇನ್ನೂ ಚೋದ್ಯ ಕೇಳಿ. ಅದರ ಜತೆಗೆ ಕೆಳಗಿನ ಮರದಲ್ಲಿ ಕಾಗೆಯೂ ಇತ್ತು. ಕೋಗಿಲೆ ಮೊದಲು ಇಲ್ಲಿಗೆ ಚಳಿಗಾಲದಲ್ಲಿ ಮಾತ್ರ ಬಂದು ಹೋಗುತ್ತಿದ್ದ ಅತಿಥಿ. 1980ರ ದಶಕದಿಂದ ಇಲ್ಲೇ ಉಳಿಯಲು ಶುರು ಮಾಡಿತು, ಮೊಟ್ಟೆ ಇಡಲು ಕಾಗೆಯ ಗೂಡು ಧಾರಾಳವಾಗಿ ಸಿಕ್ಕಿದ್ದರಿಂದ. ಆ ಕಾಗೆ, ಅಂದರೆ ಕತ್ತು ಬೂದಿ ಬಣ್ಣದ ಊರುಕಾಗೆ, ಇಲ್ಲಿನದೇ ಅಲ್ಲ. 19ನೇ ಶತಮಾನದ ಕೊನೆಗೆ ಮಲಯಾದ ಕಾಫಿ ತೋಟಗಳ ಕಂಬಳಿಹುಳ ತಿನ್ನಲಿ ಅಂತ ಸಿಲೋನಿನಿಂದ ಹಡಗಿನಲ್ಲಿ ತಂದು ಬಿಟ್ಟದ್ದು. ಅಲ್ಲಿಂದ ಇಲ್ಲಿಗೂ ಹಬ್ಬಿತು. ಕೆಲಸಕ್ಕೆ ಅಂತ ಕರೆತಂದರು, ಇಲ್ಲೇ ನೆಲೆಯಾಯಿತು. ನಮ್ಮದೂ ಹೆಚ್ಚುಕಡಿಮೆ ಅದೇ ಕಥೆ, ಅಲ್ವಾ?

ಆದರೆ ಪಿತೃಪಕ್ಷದಲ್ಲಿ ಬಾಲ್ಕನಿಯಲ್ಲಿ ಕಾಗೆಗೆ ಅನ್ನ ಇಡುವವರು ದಯವಿಟ್ಟು ಇದನ್ನು ಗಮನಿಸಿ. ಕಾಗೆ ಜಾಸ್ತಿಯಾದರೆ ಇಲ್ಲಿನ ಸಣ್ಣ ಹಕ್ಕಿಗಳ ಮೊಟ್ಟೆ-ಮರಿಗೆ ಕುತ್ತು. ಅನ್ನ ಇಟ್ಟ ಕಡೆ ಗುಂಪು ಸೇರುತ್ತವೆ, ಹತ್ತಿರದಲ್ಲೇ ಗೂಡು ಕಟ್ಟುತ್ತವೆ, ಮರಿ ಮಾಡಿದಾಗ ದಾರಿಯಲ್ಲಿ ಹೋಗುವವರ ತಲೆಗೆ ಕುಕ್ಕುತ್ತವೆ. ಕೊನೆಗೆ ಯಾರೋ ಬಂದು ಗೂಡು ಕೀಳುತ್ತಾರೆ. ನನಗೆ ಪರಿಚಯದ ಪುರೋಹಿತರೊಬ್ಬರನ್ನು ಈ ಬಗ್ಗೆ ಕೇಳಿದ್ದೆ. "ಶ್ರದ್ಧೆ ಮುಖ್ಯ, ನೀರಿಗೆ ಒಂದು ತುತ್ತು ಬಿಡುವ ಪದ್ಧತಿಯೂ ಇದೆಯಲ್ಲ" ಅಂದರು. ಇಲ್ಲಿ ನೀರಿಗೆ ಬಿಡಲೂ ನಿಯಮಗಳಿವೆ ಅಂತ ನಾನು ನಕ್ಕೆ. ಕೊನೆಗೆ ನಮ್ಮ ಮನೆಯಲ್ಲಿ ಆ ಎಡೆಯನ್ನು ನಾವೇ ಪ್ರಸಾದ ಅಂತ ತಿನ್ನುತ್ತೇವೆ. ನಿಮ್ಮ ಮನೆಯ ಪದ್ಧತಿ ನಿಮಗೆ ಬಿಟ್ಟದ್ದು.

ಮಂಗ, ಕಾಡುಕೋಳಿ, ಹೆಬ್ಬಾವು, ಉಡ ಮಾತ್ರ ಕಾಗೆಯ ಹಾಗೆ ಬಂದವಲ್ಲ. ಇವು ಮೂಲ ನಿವಾಸಿಗಳು. 1819ರಲ್ಲಿ ಇಂಗ್ಲಿಷರು ಇಲ್ಲಿ ಬಂದಿಳಿದಾಗ ಈ ದ್ವೀಪ ಹೆಚ್ಚುಕಡಿಮೆ ಪೂರ್ತಿ ಕಾಡು. ಮೆಣಸಿಗೆ, ಚರ್ಮ ಹದ ಮಾಡಲು ಬಳಸುವ ಗ್ಯಾಂಬಿಯರ್ ಗಿಡದ ತೋಟಕ್ಕೆ, ಆಮೇಲೆ ರಬ್ಬರಿಗೆ, ಆಮೇಲೆ ನಮ್ಮಂಥವರ ಮನೆಗೆ ಅಂತ ಶೇಕಡಾ 95ಕ್ಕೂ ಹೆಚ್ಚು ಮೂಲ ಕಾಡು ಹೋಯಿತು. ಉಳಿದ ಹಳೆಯ ಕಾಡು ಅಂದರೆ ಮುಖ್ಯವಾಗಿ ಬುಕಿತ್ ತಿಮಾ ಬೆಟ್ಟ, ಅದರ ಪಕ್ಕದ ಜಲಾಶಯಗಳ ಸುತ್ತಲಿನ ಕೆಲವು ತುಂಡು. ಬುಕಿತ್ ತಿಮಾ ಇಡೀ ದೇಶದ ಅತಿ ಎತ್ತರದ ಜಾಗ, 163 ಮೀಟರ್. ನಮ್ಮ ಮಲೆನಾಡಿನವರು ಅದನ್ನು ದಿಬ್ಬ ಅನ್ನುತ್ತಾರೆ.

ಆ ದಿಬ್ಬವನ್ನೂ 1986ರಲ್ಲಿ ಆರು ಲೇನಿನ ಬಿಕೆಇ ಹೆದ್ದಾರಿ ಪಕ್ಕದ ಕಾಡಿನಿಂದ ಕತ್ತರಿಸಿತು. ಅತ್ತ ಇದ್ದದ್ದು ಅತ್ತಲೇ, ಇತ್ತ ಇದ್ದದ್ದು ಇತ್ತಲೇ. ಚಿಪ್ಪುಹಂದಿಗಳು ರಾತ್ರಿ ರಸ್ತೆ ದಾಟಲು ಹೋಗಿ ಸತ್ತವು. ಬುಕಿತ್ ತಿಮಾದ ಕೊನೆಯ ಪಟ್ಟೆ ಮುಸುವ ಮರುವರ್ಷ, 1987ರಲ್ಲಿ, ನಾಯಿಗಳ ಬಾಯಿಗೆ ಸಿಕ್ಕಿ ಸತ್ತಿತು. ಈ ಮುಸುವ ಮರದಿಂದ ಇಳಿಯುವುದೇ ಅಪರೂಪ. ಈ ಜಾತಿ, ರಾಫಲ್ಸ್ ಮುಸುವ, ಇಡೀ ಪ್ರಪಂಚದಲ್ಲಿ ಇರುವುದು ಸಿಂಗಾಪುರದಲ್ಲಿ ಮತ್ತು ಮಲೇಷ್ಯಾದ ದಕ್ಷಿಣ ಭಾಗದಲ್ಲಿ ಮಾತ್ರ. ಒಂದು ಕಾಲಕ್ಕೆ ಇಲ್ಲಿ ಹತ್ತು-ಹದಿನೈದಕ್ಕೆ ಇಳಿದಿತ್ತು. ಈಗ ಎಪ್ಪತ್ತರ ಆಸುಪಾಸಿಗೆ ಬಂದಿದೆ. ಆಂಡೀ ಆಂಗ್ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಇವುಗಳ ಬೆನ್ನುಬಿದ್ದಿದ್ದಾರೆ. ಸಾಮಾನ್ಯ ಜನರೂ ಸ್ವಯಂಸೇವಕರಾಗಿ ಕಾಡಿನಲ್ಲಿ ನಡೆದು ಲೆಕ್ಕ ಹಿಡಿಯುತ್ತಾರೆ. ಓಲ್ಡ್ ಅಪ್ಪರ್ ಥಾಮ್ಸನ್ ರಸ್ತೆಯ ಮೇಲೆ ಈ ಕಡೆ ಮರದಿಂದ ಆ ಕಡೆ ಮರಕ್ಕೆ ಹಗ್ಗದ ಸೇತುವೆ ಕಟ್ಟಿದ್ದಾರೆ, ಇವು ನೆಲಕ್ಕೆ ಇಳಿಯದೇ ದಾಟಲಿ ಅಂತ. ಒಮ್ಮೆ ಅಲ್ಲಿ ತಲೆ ಎತ್ತಿ ನಿಂತು ಕುತ್ತಿಗೆ ನೋವು ಬರುವವರೆಗೂ ಕಾದೆ. ಒಂದೂ ಬರಲಿಲ್ಲ. ಅಳಿಲು ದಾಟಿತು. ಅದೂ ಸರಿಯೇ.

ಹೆದ್ದಾರಿಗೂ ಸೇತುವೆ ಬಂತು. 2013ರಲ್ಲಿ ಬಿಕೆಇ ಮೇಲೆ 62 ಮೀಟರ್ ಉದ್ದದ, ಅತಿ ಕಿರಿದಾದ ಕಡೆ 50 ಮೀಟರ್ ಅಗಲದ ಹಸಿರು ಸೇತುವೆ. ಮೇಲೆ ಮಣ್ಣು, ಮರ, ಪೊದೆ. ಕೆಳಗೆ ನಾವು ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತೇವೆ, ಮೇಲೆ ಚಿಪ್ಪುಹಂದಿ ತನ್ನ ಪಾಡಿಗೆ ಇರುವೆ ಹುಡುಕುತ್ತಾ ದಾಟುತ್ತದೆ. ಅದು ದಾಟುವುದು ಕ್ಯಾಮೆರಾದಲ್ಲಿ ದಾಖಲಾಗಿದೆ. ಮನುಷ್ಯರಿಗೆ ಆ ಸೇತುವೆ ಮೇಲೆ ಪ್ರವೇಶ ಇಲ್ಲ. ಈ ಊರಿನಲ್ಲಿ ನನಗೆ ಅತಿ ಇಷ್ಟವಾದ ನಿಯಮ ಇದು.

ನಮಗೆ ತೀರಾ ಹತ್ತಿರದ ನಂಟು ಇರುವುದು ನೀರುನಾಯಿಯ ಜತೆ. ಬಿಷಾನ್‌ನಲ್ಲಿ, ಕಲಾಂಗ್ ನದಿಯಲ್ಲಿ, ಮರೀನಾ ಬೇಯಲ್ಲಿ ಗುಂಪುಗುಂಪಾಗಿ ಈಜುವುದನ್ನು ನೀವೂ ನೋಡಿರುತ್ತೀರಿ. 2020ರ ಲಾಕ್‌ಡೌನಿನಲ್ಲಿ ಮುಸ್ತಫಾ ಅಂಗಡಿ ಮುಂದೆಯೂ ಕಾಣಿಸಿಕೊಂಡವು, ನಾವು ಮಸಾಲೆಪುಡಿಗೆ ಹೋಗುವ ಜಾಗಕ್ಕೇ! ಇವು ಹಂಪಿಯ ಹತ್ತಿರದ ತುಂಗಭದ್ರೆಯಲ್ಲಿರುವ ನೀರುನಾಯಿಯದೇ ಜಾತಿ. ಅಲ್ಲಿ ಅವುಗಳಿಗಾಗಿಯೇ 2015ರಲ್ಲಿ ನದಿಯ 34 ಕಿಲೋಮೀಟರನ್ನು ಮೀಸಲು ಪ್ರದೇಶ ಅಂತ ಘೋಷಿಸಿದರು. ರಂಗನತಿಟ್ಟಿನ ದೋಣಿಯಲ್ಲಿ ಕೂತು ಇವನ್ನೇ ನೋಡಿದವರೂ ನಮ್ಮಲ್ಲಿದ್ದಾರೆ.

ಸಿಂಗಾಪುರದಲ್ಲಿ ಇವು 1970ರ ದಶಕದ ಹೊತ್ತಿಗೆ ಕಾಣೆಯಾಗಿದ್ದವು. ನದಿಗಳು ಚರಂಡಿಯಾಗಿದ್ದ ಕಾಲ. 1977ರಿಂದ ಹತ್ತು ವರ್ಷ ಸಿಂಗಾಪುರ ನದಿಯನ್ನೂ ಕಲಾಂಗ್ ಕೊಳ್ಳವನ್ನೂ ತೊಳೆದರು. 1998ರಲ್ಲಿ ಸುಂಗೈ ಬುಲೋ ಜೌಗು ಪ್ರದೇಶದಲ್ಲಿ ಒಂದು ಜೋಡಿ ತಾನಾಗಿ ಬಂತು. ಯಾರೂ ಕರೆತಂದದ್ದಲ್ಲ. 2012ರಲ್ಲಿ ಬಿಷಾನ್ ಉದ್ಯಾನದಲ್ಲಿ ಕಲಾಂಗ್ ನದಿಯ ಸಿಮೆಂಟ್ ಕಾಲುವೆ ಒಡೆದು ಮತ್ತೆ ಅಂಕುಡೊಂಕಾಗಿ ಹರಿಯಲು ಬಿಟ್ಟರು. ಕಲ್ಲು, ಹುಲ್ಲು, ಮೀನು. ಎರಡು-ಮೂರು ವರ್ಷದಲ್ಲಿ ನೀರುನಾಯಿ ಸಂಸಾರ ಅಲ್ಲಿ ಬಿಡಾರ ಹೂಡಿತು. ಬೆಂಗಳೂರಿನ ರಾಜಕಾಲುವೆಗಳ ಬಗ್ಗೆ ಇಲ್ಲಿ ಏನೂ ಹೇಳದೆ ಮುಂದೆ ಹೋಗುತ್ತೇನೆ.

ಈಗ ದೂರು ಏನು ಅಂದರೆ ಕಾಂಡೋ ಕೊಳದ ಕೊಯ್ ಅನ್ನುವ ಅಲಂಕಾರದ ಮೀನು ತಿಂದವು ಅಂತ. ಹೌದು, ತಿನ್ನುತ್ತವೆ. ದುಬಾರಿ ಮೀನು, ನೋವಾಗುತ್ತದೆ. 2021ರಲ್ಲಿ ಬೊಟಾನಿಕ್ ಗಾರ್ಡನ್‌ನಲ್ಲಿ ಮುಂಜಾವದ ಕತ್ತಲಲ್ಲಿ ಒಬ್ಬರನ್ನು ಗುಂಪಾಗಿ ಕಚ್ಚಿದವು ಕೂಡ. ಇದನ್ನು ಮುಚ್ಚಿಟ್ಟು ಅವು ಮುದ್ದಾಗಿವೆ ಅಂತ ಮಾತ್ರ ಹೇಳಿದರೆ ನಾನು ಮೋಸ ಮಾಡಿದ ಹಾಗೆ. ಮರಿ ಇರುವ ಗುಂಪಿನ ಹತ್ತಿರ ಹೋಗಬೇಡಿ, ಮಕ್ಕಳನ್ನು ಮುಂದೆ ತಳ್ಳಿ ಸೆಲ್ಫಿ ತೆಗೆಯಬೇಡಿ. ಕೊಳಕ್ಕೆ ಬೇಲಿ ಹಾಕಿಸಿ, ಗೇಟಿನ ಕೆಳಗಿನ ಸಂದು ಮುಚ್ಚಿಸಿ. ಇದು ನಿಮ್ಮ ಕಾಂಡೋದ ಸಭೆಯಲ್ಲಿ ಹತ್ತು ನಿಮಿಷದ ಚರ್ಚೆ. ಅಲ್ಲಿ ಎದ್ದು ನಿಂತು ಹೇಳುವ ಒಬ್ಬ ಕನ್ನಡಿಗ ಇದ್ದರೆ ಸಾಕು.

ಹೆಬ್ಬಾವಿನ ವಿಷಯ ಚುಟುಕಾಗಿ. ಚರಂಡಿಯಲ್ಲಿ ಅದು ಇರುವುದು ಅಲ್ಲಿ ಇಲಿ ಇರುವುದರಿಂದ. ಅದು ತನ್ನ ಪಾಡಿಗೆ ಹೋಗುತ್ತಿದ್ದರೆ ಬಿಟ್ಟುಬಿಡಿ. ಮನೆಯೊಳಗೆ ಬಂದರೆ ಬಾಗಿಲು ಮುಚ್ಚಿ, ಎನ್‌ಪಾರ್ಕ್ಸ್‌ಗೋ ಏಕರ್ಸ್ ಅನ್ನುವ ಪ್ರಾಣಿರಕ್ಷಣಾ ಸಂಸ್ಥೆಗೋ ಫೋನ್ ಮಾಡಿ. ಪೊರಕೆ ತೆಗೆದುಕೊಂಡು ಹೋಗಬೇಡಿ, ವಿಡಿಯೋ ಮಾಡಲೂ ಹೋಗಬೇಡಿ. ಸಹಾಯಕ್ಕೆ ಫೋನ್ ಮಾಡುವುದು ಬೇರೆ, ಕಣ್ಣಿಗೆ ಕಂಡದ್ದಕ್ಕೇ "ಇದನ್ನು ತೆಗೆಸಿ" ಅಂತ ಫೋನ್ ಮಾಡುವುದು ಬೇರೆ. ಈ ವ್ಯತ್ಯಾಸ ನಿಮಗೆ ಗೊತ್ತು.

ಇಷ್ಟೆಲ್ಲ ಓದಿ, ನಾವು ಬೆರಳೆಣಿಕೆಯ ಕನ್ನಡಿಗರು, ನಮ್ಮಿಂದ ಏನಾಗುತ್ತೆ ಅಂತ ಯಾರಾದರೂ ಕೇಳಬಹುದು. ಉಬಿನ್ ದ್ವೀಪದ ಚೆಕ್ ಜಾವಾ ದಂಡೆಯನ್ನು ಮಣ್ಣು ತುಂಬಿ ಮುಚ್ಚಬೇಕು ಅಂತ ತೀರ್ಮಾನ ಆಗಿತ್ತು. ಇಳಿತದ ಹೊತ್ತಿನಲ್ಲಿ ಜನ ಅಲ್ಲಿಗೆ ನಡೆದುಕೊಂಡು ಹೋಗಿ ನಕ್ಷತ್ರಮೀನು, ಏಡಿ, ಕಡಲಹುಲ್ಲು ನೋಡಿ ಬಂದರು. ಸ್ವಯಂಸೇವಕರು ಪಟ್ಟಿ ಮಾಡಿದರು. ಪತ್ರ ಬರೆದರು. 2001ರ ಡಿಸೆಂಬರ್‌ನಲ್ಲಿ ಸರ್ಕಾರ ಯೋಜನೆಯನ್ನು ಮುಂದಕ್ಕೆ ಹಾಕಿತು. ಇವತ್ತು ನೀವು ಚಾಂಗಿಯಿಂದ ದೋಣಿ ಹತ್ತಿ ಹೋಗಿ ಅಲ್ಲಿನ ಹಲಗೆ ದಾರಿಯಲ್ಲಿ ಮಕ್ಕಳಿಗೆ ಏಡಿ ತೋರಿಸುತ್ತೀರಲ್ಲ, ಅದು ಆ ಪತ್ರಗಳಿಂದ ಉಳಿದದ್ದು. ಹೋದಾಗ ಮಂಗಟ್ಟೆ ಹಕ್ಕಿಯನ್ನೂ ನೋಡಿ. ದಾಂಡೇಲಿಯಲ್ಲಿ ನೋಡಿದ್ದರ ಹತ್ತಿರದ ಸಂಬಂಧಿ. ಇಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲ ಇಲ್ಲವಾಗಿದ್ದು 1994ರಲ್ಲಿ ಉಬಿನ್‌ನಲ್ಲಿ ಮತ್ತೆ ಕಾಣಿಸಿತು. ಪೊಟರೆ ಇರುವ ದೊಡ್ಡ ಮರಗಳು ಸಾಲದೆ ಇದ್ದಾಗ ಮರದ ಗೂಡುಪೆಟ್ಟಿಗೆ ಮಾಡಿ ಕೊಟ್ಟರು, ಹೆಣ್ಣು ಒಳಗೆ ಕೂತು ಬಾಗಿಲಿಗೆ ಗಾರೆ ಮೆತ್ತಿಕೊಂಡಿತು. ಈಗ ಚಾಂಗಿಯ ಬ್ಲಾಕುಗಳ ಟೆರೇಸಿನ ಮೇಲೂ ಕೂರುತ್ತದೆ.

ಇಲ್ಲಿನ ಕನ್ನಡ ಸಂಘದ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ಯುಗಾದಿ, ದೀಪಾವಳಿ ಕಾರ್ಯಕ್ರಮಗಳಿಗೆ ಊರಿನಿಂದ ಬಂದ ಹಿರಿಯರು ತುಂಬ ಜನ ಸೇರುತ್ತಾರೆ. ಊಟಕ್ಕೆ ಬಿಡುವ ಮುಂಚೆ ಎರಡು ನಿಮಿಷ ಕೊಡಿ. ಕನ್ನಡದಲ್ಲಿ ಈ ಮಾತು ಹೇಳಲಿ. ಭಕ್ತಿಯನ್ನು ಗೇಲಿ ಮಾಡದೆ ಹೇಳುವವರು ಹೇಳಲಿ. ನಮ್ಮ ಅಮ್ಮನೇ ಬೇಕಾದರೆ ಬಂದು ಹೇಳುತ್ತಾರೆ. ಹೋದ ಸಲ ಬಂದಾಗ ಅವರೇ ಇನ್ನೊಬ್ಬರ ಕೈ ಹಿಡಿದು ನಿಲ್ಲಿಸಿದ್ದರು. "ದೂರದಿಂದಲೇ ಕೈ ಮುಗೀರಿ, ಅವನಿಗೆ ಅಷ್ಟು ಸಾಕು" ಅಂದರು. ಭಾಷೆ ಕನ್ನಡ, ಎದುರಿಗಿದ್ದವರು ಗುಜರಾತಿ. ಆದರೂ ಅವರು ಹಣ್ಣನ್ನು ಬ್ಯಾಗಿಗೆ ಹಾಕಿಕೊಂಡರು.

ಈ ಶನಿವಾರ ಮೆಕ್‌ರಿಚಿ ಜಲಾಶಯಕ್ಕೆ ವಾಕಿಂಗ್ ಬರುವವರಿಗೆ: ಬೆಳಿಗ್ಗೆ ಏಳಕ್ಕೆ ಕಾರ್ ಪಾರ್ಕಿನ ಹತ್ತಿರ ಸಿಗೋಣ. ಚಿತ್ರಾನ್ನದ ಡಬ್ಬಿ ಬೆನ್ನಿನ ಬ್ಯಾಗಿನೊಳಗೇ ಇರಲಿ, ಜಿಪ್ ಪೂರ್ತಿ ಎಳೆದಿರಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡ, ಮಂಗಕ್ಕೆ ಅದೇ ಊಟದ ಗುರುತು. ಎದುರು ಬಂದರೆ ದಿಟ್ಟಿಸಿ ನೋಡಬೇಡಿ, ಹಲ್ಲು ಕಿರಿಯಬೇಡಿ, ಓಡಬೇಡಿ. ಮೆಲ್ಲಗೆ ಹಿಂದೆ ಸರಿದು ದಾರಿ ಬಿಡಿ. ತಿಂಡಿ ವಾಪಸ್ ಬಂದ ಮೇಲೆ ನಮ್ಮ ಮನೆಯಲ್ಲಿ. ಬಾಳೆಹಣ್ಣೂ ಅಲ್ಲೇ.

ನಿಮ್ಮವ,
ಬಿಷಾನ್ ಕಡೆಯ ಒಬ್ಬ ಕನ್ನಡಿಗ